ಕರಿಯಮ್ಮನ ಜಗಲಿಯ ಜಾಗತಿಕ ಅಪಾಯ

ಈ ಸಂಗತಿಯ ಮೊದಲರ್ಧವನ್ನು ನನಗೆ ಹೇಳಿದವನು ತಾಳಮಲೆಯ ಜವರ. ಅವನು ಸೋಲಿಗರವನು, ಕಾಡಿನ ದಾರಿ ಬಲ್ಲವನು, ಸುಳ್ಳು ಹೇಳಿ ಅಭ್ಯಾಸವಿಲ್ಲದವನು. ಆದ್ದರಿಂದ ಆಫೀಸಿನ ಕೆಲಸ ಅವನಿಗೆ ಬಹಳ ಕಾಲ ನಿಲ್ಲಲಿಲ್ಲ. ಉಳಿದರ್ಧ ನಾನೇ ಕಣ್ಣಾರೆ ಕಂಡದ್ದು. ಎರಡನ್ನೂ ಸೇರಿಸಿ, ಮಾದಪ್ಪನ ಪಾದ ನೆನೆದು, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಪ್ರಪಂಚದಲ್ಲಿ ಪರಿಸರಕ್ಕೆ ಒದಗಿರುವ ಅಪಾಯಗಳು ಒಟ್ಟು ನಾಲ್ಕು ಸಾವಿರದ ನೂರ ಹದಿನೇಳು. ಮೊದಲ ನಾಲ್ಕು ಸಾವಿರದ ನೂರ ಹದಿನಾರು ಎಲ್ಲೆಲ್ಲಿ ಇವೆಯೋ ನಾನು ಅರಿಯೆ. ಕೊನೆಯದು ನಮ್ಮ ಊರಾದ ಮಾರನದೊಡ್ಡಿಯಲ್ಲಿ, ಕರಿಯಮ್ಮನ ಮನೆಯ ಜಗಲಿಯ ಎಡಗಡೆ ಕಲ್ಲುಕಂಬದ ಮೇಲೆ, ನೆಲದಿಂದ ಮೂರಡಿ ಎತ್ತರದಲ್ಲಿ ಇದೆ.

ಎರಡು ಸಾವಿರದ ಏಳನೆಯ ಇಸವಿಯಲ್ಲಿ ತಾಳವಾಡಿ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಗೊಬ್ಬರದಂಗಡಿಯ ಮಾಳಿಗೆಯ ಮೇಲೆ, 'ಅಖಿಲ ವಿಶ್ವ ಪರಿಸರ ಅಪಾಯ ನಕ್ಷಾ ಮಂಡಳಿ'ಯ ಉಪಕಚೇರಿ ತೆರೆಯಿತು. ಮಂಡಳಿಯ ಮುಖ್ಯ ಕಚೇರಿ ಯಾವುದೋ ಚಳಿದೇಶದಲ್ಲಿತ್ತಂತೆ. ಭೂಮಿಯ ಮೇಲಿನ ಅಪಾಯಗಳನ್ನೆಲ್ಲ ಹುಡುಕಿ, ಒಂದೇ ನಕ್ಷೆಯಲ್ಲಿ ಕೆಂಪು ಚುಕ್ಕೆ ಇಟ್ಟು ತೋರಿಸುವುದು ಅದರ ಕೆಲಸ. ತೋರಿಸಿದ ಮೇಲೆ ಏನು ಮಾಡುವುದು ಎಂಬುದು ಬೇರೆ ಮಂಡಳಿಗೆ ಸೇರಿದ್ದು. ಆ ಮಂಡಳಿ ಇನ್ನೂ ಆಗಿರಲಿಲ್ಲ.

ಉಪಕಚೇರಿಯ ಅಧಿಕಾರಿ ಪ್ರಕಾಶ್ ಎಂಬವರು ಬೆಟ್ಟದ ಕೆಳಗಿನವರು. ಮನೆಮಾತು ತಮಿಳು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು, ಹಾಗಾಗಿ ನಮಗಿಂತ ಶುದ್ಧವಾಗಿ ಆಡುತ್ತಿದ್ದರು. ಜವರ ಅವರ ಪೆಟ್ಟಿಗೆ ಹೊರುವ, ದಾರಿ ತೋರಿಸುವ ಕೆಲಸಕ್ಕೆ ಸೇರಿದ. ಒಂದೊಂದು ಬೆಟ್ಟಸೀಮೆಗೆ ಒಂದೇ ಚುಕ್ಕೆ ಎಂದು ಮಂಡಳಿಯ ನಿಯಮವಿತ್ತು.

"ಎರಡು ಅಪಾಯ ಇದ್ರೆ ಏನ್ಮಾಡೋದು ಸಾರ್?" ಎಂದು ಜವರ ಒಮ್ಮೆ ಕೇಳಿದನಂತೆ.

"ಚುಕ್ಕೆಗಳು ಹೆಚ್ಚಾದರೆ ನಕ್ಷೆಯಲ್ಲಿ ದೇಶಗಳ ಹೆಸರನ್ನು ಓದಲಾಗುವುದಿಲ್ಲ," ಎಂದು ಅವರು ಸಮಾಧಾನವಾಗಿ ತಿಳಿಸಿದರಂತೆ.

ಇನ್ನು ಕರಿಯಮ್ಮನ ವಿಚಾರ. ಆಕೆ ನಮ್ಮ ಎದುರು ಮನೆಯಾಕೆ. ಗಂಡ ತೀರಿ ಎಂಟು ವರ್ಷವಾಗಿತ್ತು. ಎರಡೆಕರೆ ರಾಗಿ ಹೊಲ, ಒಂದು ಎಮ್ಮೆ, ಗೆಟ್ಟವಾಡಿಗೆ ಕೊಟ್ಟ ಮಗಳು ಪುಟ್ಟಿ, ಹಿತ್ತಿಲಲ್ಲಿ ಒಂದು ಬಾವಿ. ಬಾವಿ ಆಕೆಯದಾದರೂ ಕೇರಿಯೆಲ್ಲ ಕುಡಿಯುತ್ತಿದ್ದುದು ಅದೇ ನೀರನ್ನು. ಹಿಂದಿನ ವರ್ಷ ಊರ ಮೇಲಿನ ಗುಡ್ಡದಲ್ಲಿ ಶಿವಶಂಕರಪ್ಪನವರು ಕರಿಕಲ್ಲಿನ ಕ್ವಾರಿ ತೆಗೆದು, ಅಲ್ಲೇ ಕಲ್ಲು ಕುಯ್ಯುವ ಮಿಷನ್ನನ್ನೂ ಹಾಕಿದ್ದರು. ಮಿಷನ್ನಿಗೆ ನೀರು ಬಿಟ್ಟುಕೊಂಡೇ ಕಲ್ಲು ಕುಯ್ಯಬೇಕು. ಆ ನೀರು ಕಲ್ಲಿನ ಹಿಟ್ಟು ಹೊತ್ತು ಹಳ್ಳ ಇಳಿಯಿತು. ಕರಿಯಮ್ಮನ ಬಾವಿ ಮೂರು ತಿಂಗಳಿಗೆ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ಬಂತು. ಮೊದಲು ಎಮ್ಮೆ ಕುಡಿಯುವುದನ್ನು ಬಿಟ್ಟಿತು. ನಾವು ಬಿಡಲಿಲ್ಲ, ಕೇರಿಗೆ ಇದ್ದದ್ದು ಅದೊಂದೇ ಬಾವಿ.

ಅಷ್ಟರಲ್ಲಿ ಪುಟ್ಟಿಗೆ ಐದು ತಿಂಗಳಾಯಿತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಹೆತ್ತವಳಿಗೆ ಅದು ಮರ್ಯಾದೆ, ಮರ್ಯಾದೆಗಿಂತ ಹೆಚ್ಚಾಗಿ ಆಸೆ. ಕರಿಯಮ್ಮ ಬಾಣಂತಿ ಕೋಣೆಗೆ ಸಗಣಿ ಸಾರಿಸಿ, ಹಳೇ ಸೀರೆ ಒಗೆದು ಮಡಿಸಿ ಇಟ್ಟಿದ್ದಳು. ಅದನ್ನು ನೋಡಿಹೋಗಲು ಬಂದ ಬೀಗಿತ್ತಿ ಬೊಮ್ಮಮ್ಮ ಕೋಣೆ ನೋಡಲಿಲ್ಲ, ಸೀರೆ ನೋಡಲಿಲ್ಲ. ಹಂಡೆಯ ಮುಚ್ಚಳ ಎತ್ತಿ ನೋಡಿದಳು.

"ಇದೇನವ್ವ, ಮಜ್ಜಿಗೆಯಾ?"

"ನೀರು ಕಣವ್ವ. ಮ್ಯಾಲಿಂದ ಕಲ್ಲಿನ ನೀರು ಇಳೀತಾ ಅದೆ."

"ಇದ್ರಲ್ಲಿ ನನ್ ಸೊಸೆಗೆ ನೀರುಯ್ತೀಯಾ? ಸುಣ್ಣ ಬಳಿಯಕ್ಕೆ ಅವಳೇನು ಗೋಡೆಯಾ? ನೋಡವ್ವ, ನೀರು ಸರಿ ಮಾಡ್ಸು, ಕಳುಸ್ತೀನಿ. ಇಲ್ದಿದ್ರೆ ಎರಿಗೆ ನಮ್ಮನೇಲೆ."

ಕರಿಯಮ್ಮ ಮಾರನೆಯ ದಿನವೇ ಶಿವಶಂಕರಪ್ಪನವರ ಮನೆಗೆ ಹೋದಳು. ಅವರು ಆಕೆಯನ್ನು ಕೂರಿಸಿ, ಎಲೆ ಅಡಿಕೆ ಕೊಟ್ಟು, ಪೂರ್ತಿ ಕೇಳಿದರು. "ನೀರು ಇಳಿಜಾರಿಗೆ ಅರೀತದೆ ಕಣವ್ವ," ಎಂದರು. "ಇಳಿಜಾರು ನಾನು ಮಾಡಿದ್ದಾ? ಬೆಟ್ಟ ಮಾಡ್ದೋನು ಮಾದಪ್ಪ. ಅವನ್ ಮೇಲೆ ದೂರು ಕೊಡ್ತೀಯಾ?"

ಆಕೆಗೆ ಮಾದಪ್ಪನ ಮೇಲೆ ದೂರಿರಲಿಲ್ಲ. ಜವರನನ್ನು ಕಂಡಳು. ಅಪಾಯ ಬರೆದುಕೊಳ್ಳುವ ಆಫೀಸೇ ಬಂದಿದೆಯಲ್ಲ ಎಂದು ಅವನು ದಾರಿ ತೋರಿದ. ನಮ್ಮ ಕಡೆ ಅರ್ಜಿಗೆ ಮನು ಎನ್ನುತ್ತಾರೆ. ಮನುವನ್ನು ನಾನೇ ಬರೆದುಕೊಟ್ಟೆ. ಹತ್ತು ದಿನಕ್ಕೆ ಪ್ರಕಾಶ್ ಅವರು ಸ್ಥಳಪರಿಶೀಲನೆಗೆ ಬಂದರು.

ನಮ್ಮ ಸೀಮೆಯಲ್ಲಿ ಒಂದು ಪದ್ಧತಿ ಉಂಟು. ಕಾಗದ ಯಾವ ಜಾಗಕ್ಕೆ ಸೇರಿದ್ದೋ ಆ ಜಾಗದಲ್ಲಿ ಅದನ್ನು ಬರೆಯುವುದಿಲ್ಲ. ಆನೆ ತುಳಿದ ಹೊಲದ ವರದಿಯನ್ನು ಊರ ಮುಂದಿನ ಅರಳಿಕಟ್ಟೆಯಲ್ಲಿ ಬರೆಯುತ್ತಾರೆ. ಕುಸಿದ ಸೇತುವೆಯ ವರದಿಯನ್ನು ಟೀ ಅಂಗಡಿಯಲ್ಲಿ ಬರೆದದ್ದನ್ನು ನಾನು ಕಂಡಿದ್ದೇನೆ. ನೆರಳಿರಬೇಕು, ಕೂರಲು ಕಲ್ಲಿರಬೇಕು, ಗಾಳಿಗೆ ಕಾಗದ ಹಾರಬಾರದು. ಬಂದವರನ್ನು ಅಂಥ ಕಡೆ ಕೂರಿಸದಿದ್ದರೆ ಊರಿಗೇ ಅವಮಾನ. ಕರಿಯಮ್ಮನ ಮನೆ ಊರಿನ ಮೊದಲ ಮನೆ, ಜಗಲಿ ತಂಪು. ನಾವೇ ನಾಲ್ಕು ಜನ ಕೈಮುಗಿದು ಅವರನ್ನು ಅಲ್ಲಿ ಚಾಪೆ ಹಾಸಿ ಕೂರಿಸಿದೆವು.

ಜವರ ಮಾತ್ರ ನಿಂತೇ ಇದ್ದ. "ಸಾರ್, ಕ್ವಾರಿ ಅಗೋ ಆ ಗುಡ್ಡದಲ್ಲಿ ಅದೆ. ಒಸಿ ನಡುದ್ರೆ ಸಿಕ್ತದೆ."

"ಇಲ್ಲಿಂದ ಕಾಣುತ್ತದೆಯೇ?"

"ಕಾಣ್ತದೆ ಸಾರ್. ಅಗೋ ದೂಳು."

"ಕಾಣುವುದಾದ ಮೇಲೆ ಹೋಗುವ ಅಗತ್ಯವೇನು?" ಎಂದು ಪ್ರಕಾಶ್ ಅವರು ಕೈಪೆಟ್ಟಿಗೆಯೊಂದನ್ನು ತೆಗೆದರು. ಅದು ಆಕಾಶದ ಉಪಗ್ರಹವನ್ನು ಕೇಳಿ ತಾನಿರುವ ಜಾಗವನ್ನು ಅಂಕಿಯಲ್ಲಿ ಹೇಳುತ್ತದೆ. ಉಪಗ್ರಹ ಸುಳ್ಳು ಹೇಳಲಿಲ್ಲ. ಪೆಟ್ಟಿಗೆ ಕರಿಯಮ್ಮನ ಜಗಲಿಯ ಮೇಲಿತ್ತು. ಕರಿಯಮ್ಮನ ಜಗಲಿಯ ಅಂಕಿಗಳನ್ನೇ ತೋರಿಸಿತು. ಅವರು ಅದನ್ನು 'ಅಪಾಯದ ಸ್ಥಳ' ಎಂಬ ಕಡೆ ಬರೆದುಕೊಂಡರು.

"ಬಾವಿ ಯಾರದಮ್ಮ?"

"ನಂದೇ ಸಾಮಿ."

'ಅಪಾಯದ ಒಡೆಯರು' ಎಂಬ ಕಡೆ ಕರಿಯಮ್ಮನ ಹೆಸರು ಬಿತ್ತು.

"ಈ ತೊಂದರೆ ಇನ್ನು ಯಾರ ಮನೆಯ ಬಾವಿಯಲ್ಲಾದರೂ ಇದೆಯೇ?"

"ಇನ್ನಾರ ಮನೇಲೂ ಬಾವಿನೇ ಇಲ್ವಲ್ಲ ಸಾಮಿ."

'ಈ ಮನೆಗೆ ಮಾತ್ರ ಸೀಮಿತ' ಎಂದು ಬರೆದುಕೊಂಡರು. ಕರಿಯಮ್ಮ ಒಂದು ಲೋಟ ನೀರು ತಂದು ಮುಂದಿಟ್ಟಳು, ಕಣ್ಣಾರೆ ನೋಡಲಿ ಎಂದು. ತಾವು ಹೊರಗೆ ನೀರು ಕುಡಿಯುವುದಿಲ್ಲ ಎಂದು ಅವರು ಲೋಟವನ್ನು ಪಕ್ಕಕ್ಕೆ ಸರಿಸಿದರು. ಅದೇ ಹೊತ್ತಿಗೆ ಶಿವಶಂಕರಪ್ಪನವರ ಕಡೆಯಿಂದ ನಾಲ್ಕು ಎಳನೀರು ಬಂದವು. ಎರಡನೆಯದು ಮುಗಿಯುವಾಗ ಸ್ಥಳಪರಿಶೀಲನೆಯೂ ಮುಗಿಯಿತು.

ನಕ್ಷೆಯ ಮೇಲೆ ಚುಕ್ಕೆ ಬೀಳುವ ಜಾಗದಲ್ಲಿ, ನೆಲದ ಮೇಲೂ ಗುರುತಿಗೆ ಒಂದು ಕೆಂಪು ಚುಕ್ಕೆ ಇರಬೇಕೆಂಬುದು ನಿಯಮ. ಜವರ ಬಣ್ಣದ ಡಬ್ಬಿ ಬಿಚ್ಚಿ, ಕಂಬದ ಕರಿಕಲ್ಲಿನ ಮೇಲೆ ರೂಪಾಯಿಯಗಲ ಇಟ್ಟ. ಕೈ ನಡುಗದೆ, ದುಂಡಗೆ ಇಟ್ಟ. ಅದೇ ನನ್ನ ತಪ್ಪು ಎಂದು ಅವನು ಈಗಲೂ ಹೇಳುತ್ತಾನೆ. ಸೊಟ್ಟಗಿಟ್ಟಿದ್ದರೆ ಅದು ಬಣ್ಣವಾಗಿಯೇ ಉಳಿಯುತ್ತಿತ್ತು.

ಮಾರನೆಯ ಬೆಳಿಗ್ಗೆ ನನ್ನ ಮನೆಯವರು, ಪುಟ್ಟನಂಜಮ್ಮ, ಬಾಗಿಲಿಗೆ ನೀರು ಹಾಕಲು ಹೋದವರು ಚೊಂಬು ಹಿಡಿದೇ ಹಿಂದಕ್ಕೆ ಬಂದರು.

"ಎದುರು ಮನೆ ಕಂಬದಲ್ಲಿ ಅಮ್ಮನ ಬೊಟ್ಟು ಅದೆ. ಕುಂಕುಮ ಇಕ್ಕವ್ರೆ, ಅರಿಶಿಣನೇ ಇಲ್ಲ. ಯಾರಿಗಾದ್ರೂ ಬುದ್ಧಿ ಬ್ಯಾಡ್ವಾ?"

"ಅದು ಆಫೀಸ್ನೋರ ಬಣ್ಣ ಕಣೆ," ಎಂದೆ.

"ಆಫೀಸ್ನೋರ ಕೈಲಿ ಇಡ್ಸಕ್ಕೆ ಅಮ್ಮನಿಗೆ ಬರಾಕಿಲ್ವಾ?"

ಆಕೆ ಹೋಗಿ ಚುಕ್ಕೆಯ ಸುತ್ತ ಅರಿಶಿಣ ಹಚ್ಚಿ, ಕಣಗಿಲೆ ಹೂವಿಟ್ಟು, ಕೈಮುಗಿದು ಬಂದರು. ನೋಡಿದವರೆಲ್ಲ ಹಾಗೇ ಮಾಡಿದರು. ಮೂರನೆಯ ದಿನ ದೀಪ ಬಂತು. ವಾರದೊಳಗೆ ಹೆಸರೂ ಬಂತು, ಬೊಟ್ಟಮ್ಮ. ಕರಿಯಮ್ಮನಿಗೂ ಇದರಲ್ಲಿ ಬೇಸರವೇನಿರಲಿಲ್ಲ. ದೇವರಾದರೂ ಕಣ್ಣು ಬಿಟ್ಟಿತಲ್ಲ, ಇನ್ನು ಕ್ವಾರಿ ನಿಲ್ಲುತ್ತದೆ ಎಂದೇ ಆಕೆ ತಿಳಿದಿದ್ದಳು.

ಒಂದೂವರೆ ತಿಂಗಳಿಗೆ ನಕ್ಷೆ ಅಚ್ಚಾಗಿ ಬಂತು, ಅದರ ಜೊತೆ ಒಂದು ನೋಟೀಸು. ಅದನ್ನು ನಾನೇ ಓದಿ ಹೇಳಿದೆ.

"ಮಾರನದೊಡ್ಡಿ ನಿವಾಸಿ ಶ್ರೀಮತಿ ಕರಿಯಮ್ಮ ಅವರಿಗೆ ತಿಳಿಯಪಡಿಸುವುದೇನೆಂದರೆ, ತಾವು ಜಾಗತಿಕ ಪರಿಸರ ಅಪಾಯ ಸಂಖ್ಯೆ ೪೧೧೭ರ ಒಡೆಯರಾಗಿ ದಾಖಲಾಗಿರುತ್ತೀರಿ. ಅಪಾಯದ ಸ್ವರೂಪ: ವಾಸದ ಮನೆ. ಅಪಾಯಕ್ಕೆ ಒಳಗಾದವರು: ಸದರಿ ಮನೆಯವರು. ಸದರಿ ಅಪಾಯವನ್ನು ತಾವು ಊರು ಬಿಟ್ಟು ಬೇರೆಡೆಗೆ ಸಾಗಿಸತಕ್ಕದ್ದಲ್ಲ. ಈ ಮನ್ನಣೆಗಾಗಿ ಮಂಡಳಿಯು ತಮ್ಮನ್ನು ಅಭಿನಂದಿಸುತ್ತದೆ."

ಕರಿಯಮ್ಮ ಸೆರಗು ಹೊದ್ದು ನನ್ನನ್ನೂ ಕರೆದುಕೊಂಡು ತಾಳವಾಡಿಗೆ ಹೊರಟಳು. ಮಾಳಿಗೆ ಹತ್ತಿ, ಉಸಿರು ತಿರುಗಿಸಿಕೊಂಡು ಕೇಳಿದಳು.

"ಸಾಮಿ, ನಾನು ರಾಗಿ ಕುಯ್ಯೋಳು. ಕಲ್ಲು ಕುಯ್ಯೋರು ಬ್ಯಾರೆ ಅವ್ರೆ. ಚುಕ್ಕೆಯ ಅವರ ತಾವ್ಕೆ ಇಕ್ಕಿ."

ಪ್ರಕಾಶ್ ಅವರು ಸಜ್ಜನರು. ತಪ್ಪಾಗಿದೆ ಎಂದು ಕೂಡಲೇ ಒಪ್ಪಿಕೊಂಡರು. "ಇದನ್ನು ಸರಿಪಡಿಸಲು ಅವಕಾಶವಿದೆ ತಾಯಿ. ಆದರೆ ಒಂದು ಸೀಮೆಗೆ ಒಂದೇ ಚುಕ್ಕೆ. ಹಳೆಯದನ್ನು ಕಂಬದಿಂದ ಪೂರ್ತಿ ಅಳಿಸಿ, ಅಳಿಸಿದ ಕಲ್ಲಿನ ಫೋಟೋ ಬಂದರೆ, ಅದೇ ದಿನ ಹೊಸದನ್ನು ಕ್ವಾರಿಯಲ್ಲಿ ಇಡಿಸುತ್ತೇನೆ."

"ಅದಕ್ಕೇನ್ ಸಾಮಿ, ಒಂದ್ ನಿಮಿಸದ ಕೆಲಸ," ಎಂದಳು ಕರಿಯಮ್ಮ. ಮೆಟ್ಟಿಲಿಳಿಯುವಾಗ ಆಕೆಯ ಮುಖ ನಗುತ್ತಿತ್ತು. ಪುಟ್ಟಿಗೆ ಆಗ ಏಳು ತಿಂಗಳು.

ಜವರ ಸೀಮೆಎಣ್ಣೆ, ಬಟ್ಟೆ, ಕ್ಯಾಮೆರಾ ತೆಗೆದುಕೊಂಡು ಬಂದದ್ದು ಶುಕ್ರವಾರ ಸಂಜೆ. ಜಗಲಿಯ ಮುಂದೆ ಹೆಂಗಸರು ಸೇರಿದ್ದರು. ದೀಪ ಉರಿಯುತ್ತಿತ್ತು. ಜವರ ಕಂಬದ ಮುಂದೆ ನಿಂತು, ಬಟ್ಟೆಯನ್ನು ಕಂಕುಳಲ್ಲಿ ಸಿಕ್ಕಿಸಿ, ಕೈಮುಗಿದುಬಿಟ್ಟ.

"ಯಾಕ್ಲಾ ಜವರ? ಅಳಿಸು."

"ಇಕ್ಕಿದೋನು ನಾನೇ ಕಣವ್ವ. ಆದ್ರೂ ನನ್ ಕೈಲಿ ಆಗಾಕಿಲ್ಲ. ಕಾಡಲ್ಲಿ ನಾವು ಕಲ್ಲಿಗೇ ಕೈಮುಗಿಯೋರು."

"ಇತ್ತ ಕೊಡ್ಲಾ ಬಟ್ಟೆಯ."

ಕರಿಯಮ್ಮ ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ ಹಿಂಡಿದಳು. ಕೈ ಎತ್ತಿದಳು. ಆಗ ಪುಟ್ಟನಂಜಮ್ಮ ಹಿಂದಿನಿಂದ, ಬಹಳ ಮೆತ್ತಗೆ, ತಂಗಿಯೊಬ್ಬಳು ಅಕ್ಕನಿಗೆ ಹೇಳುವ ಹಾಗೆ ಹೇಳಿದರು.

"ಅಕ್ಕಯ್ಯ, ಮಗಳು ಬಸುರಿ ಅವ್ಳೆ. ಅಂತಾ ಮನೆ ಬಾಗ್ಲಲ್ಲಿ ನಿಂತ್ಕಂಡು ಎಂಗಸಿನ ಬೊಟ್ಟು ಅಳಿಸ್ತೀಯಾ? ಈ ಮನೇಲಿ ಬೊಟ್ಟು ಅಳಿಸ್ಕಂಡೋಳು ನೀನೊಬ್ಳು ಸಾಲ್ದಾ?"

ಕೈ ಅಲ್ಲೇ ನಿಂತಿತು. ಬಟ್ಟೆಯಿಂದ ಎಣ್ಣೆ ಆಕೆಯ ಕಾಲಿನ ಮೇಲೆ ತೊಟ್ಟಿಕ್ಕಿತು. ಬಟ್ಟೆಯನ್ನು ಜವರನ ಕೈಗೆ ಕೊಟ್ಟು ಒಳಗೆ ಹೋದಳು. ನಾನೂ ಅಲ್ಲಿದ್ದೆ. ನನ್ನ ಹೆಂಡತಿ ಹೇಳಿದ್ದು ಸರಿ ಎಂದೇ ಆಗ ನನಗೆ ತೋರಿತು ಎಂಬುದನ್ನೂ ಸೇರಿಸಿ ಬರೆಯುವುದು ಧರ್ಮ.

'ತಿದ್ದುಪಡಿಯನ್ನು ಅರ್ಜಿದಾರರು ಸ್ವ ಇಚ್ಛೆಯಿಂದ ಕೈಬಿಟ್ಟಿರುತ್ತಾರೆ' ಎಂದು ಉಪಕಚೇರಿಯಲ್ಲಿ ದಾಖಲಾಯಿತು. ಜವರ, ಇಚ್ಛೆಯಿಂದ ಅಲ್ಲ ಸಾರ್, ಎಂದ. ಆ ತಿಂಗಳೇ ಅವನ ಕೆಲಸ ಹೋಯಿತು.

ಇತ್ತ ಶಿವಶಂಕರಪ್ಪನವರಿಗೆ ಒಂದು ಪ್ರಮಾಣಪತ್ರ ಬಂತು. ಈ ಸೀಮೆಗೆ ಮೀಸಲಾದ ಏಕೈಕ ಅಪಾಯವು ಕರಿಯಮ್ಮನವರ ಮನೆಯಲ್ಲಿರುವುದು ದೃಢಪಟ್ಟಿರುವುದರಿಂದ, ಸದರಿ ಕ್ವಾರಿಯು ಚುಕ್ಕೆರಹಿತವಾಗಿರುತ್ತದೆ ಎಂದು ಅದರಲ್ಲಿತ್ತು. ಅವರು ಅದಕ್ಕೆ ಕಟ್ಟು ಹಾಕಿಸಿ ಕ್ವಾರಿಯ ಶೆಡ್ಡಿನಲ್ಲಿ ನೇತುಹಾಕಿದರು. ಎರಡನೆಯ ಮಿಷನ್ನು ತರಿಸಿದರು. ಎಲ್ಲ ಬೊಟ್ಟಮ್ಮನ ಕೃಪೆ ಎಂದು ಊರಿನವರ ಮುಂದೆ ಗಲ್ಲ ಬಡಿದುಕೊಂಡು, ಕಂಬದ ಸುತ್ತ ನುಣ್ಣನೆ ಕರಿಕಲ್ಲಿನ ಮಂಟಪ ಕಟ್ಟಿಸಿಕೊಡುವುದಾಗಿ ಹರಸಿಕೊಂಡರು.

ಮಂಟಪದ ಕಲ್ಲುಗಳನ್ನು ಕುಯ್ದ ವಾರ ಬಾವಿಯ ನೀರು ಮೊದಲಿಗಿಂತ ಗಟ್ಟಿಯಾಗಿ, ನೊರೆ ಕಟ್ಟಿಕೊಂಡು ಬಂತು. ಬಾವಿಗೆ ಇಣುಕಿದ ಮುದುಕಿಯೊಬ್ಬಳು, "ಅಮ್ಮನ ಎದೆ ತುಂಬ್ಕಂಡದೆ," ಎಂದಳು. ಅಂದಿನಿಂದ ಆ ನೀರಿಗೆ ಹಾಲುತೀರ್ಥ ಎಂದು ಹೆಸರಾಯಿತು. ಹೆಸರಾದ ಮೇಲೆ ಒಬ್ಬರೂ ದೂರಲಿಲ್ಲ. ಕುಡಿದು ಹೊಟ್ಟೆ ಕೆಟ್ಟವರು ತಮ್ಮ ಭಕ್ತಿಯಲ್ಲೇ ಏನೋ ಕೊರತೆ ಇದೆ ಎಂದು ಸುಮ್ಮನಾದರು. ಬರುಬರುತ್ತ ಕುಡಿಯುವ ನೀರಿಗೆ ನಾವೆಲ್ಲ ಮೂರು ಮೈಲಿ ಆಚೆಯ ಕೊಳವೆಬಾವಿಗೆ ಹೋಗತೊಡಗಿದೆವು. ತೀರ್ಥವನ್ನು ಯಾರೂ ಕೊಡಗಟ್ಟಲೆ ಕುಡಿಯುವುದಿಲ್ಲವಷ್ಟೆ.

ಭಕ್ತಾದಿಗಳು ಹೆಚ್ಚಾಗಿ ಜಗಲಿ ಸಾಲದೆ ಬಂದಾಗ, ನಡುಮನೆಯನ್ನು ಬಿಟ್ಟುಕೊಡುವಂತೆ ಊರಿನವರು ಕರಿಯಮ್ಮನನ್ನು ಕೇಳಿಕೊಂಡೆವು. ಬಾಣಂತಿ ಕೋಣೆಗೆ ಎಣ್ಣೆ ಡಬ್ಬಗಳನ್ನು ಇಟ್ಟೆವು. ಆಕೆ ಕೊಟ್ಟಿಗೆಗೆ ಹೋದಳು. ಎಮ್ಮೆ ಹೊರಗೆ ಬಂತು. ಪ್ರಕಾಶ್ ಅವರು ಪರಿಶೀಲನೆಗೆ ಬಂದು, ಸಾಲು ನೋಡಿ, ದೀಪ ನೋಡಿ, 'ಅಪಾಯ ನಿರ್ವಹಣೆಯಲ್ಲಿ ಜನರ ಸಹಭಾಗಿತ್ವ ಅತ್ಯುತ್ತಮ' ಎಂದು ಬರೆದರು. ಇದು ಮಾದರಿ ಅಪಾಯ, ಇತರ ದೇಶಗಳೂ ಅನುಸರಿಸಲಿ ಎಂದು ಚಳಿದೇಶದಿಂದ ಕಾಗದ ಬಂತು. ಮಂಡಳಿಯೂ ಊರೂ ಕೂಡಿ ಒಂದು ಹಲಗೆ ನೆಟ್ಟೆವು. ಅದರ ಅಕ್ಷರ ನನ್ನದು.

"೧. ಸಾಲಿನಲ್ಲಿ ಬರತಕ್ಕದ್ದು. ೨. ಅಪಾಯವನ್ನು ಮುಟ್ಟತಕ್ಕದ್ದಲ್ಲ. ೩. ತೀರ್ಥವನ್ನು ಸೋಸತಕ್ಕದ್ದಲ್ಲ."

ಪುಟ್ಟಿಗೆ ಗೆಟ್ಟವಾಡಿಯಲ್ಲೇ ಹೆರಿಗೆಯಾಯಿತು. ಹೆಣ್ಣುಮಗು. ತೊಟ್ಟಿಲಿಗೆ ಹಾಕುವ ದಿನಕ್ಕೆ ಬೊಮ್ಮಮ್ಮ ತಾನೇ ಬಂದು ಕರೆದಳು.

"ಅವತ್ತು ನಾ ಅಂದಿದ್ದ ಮರ್ತುಬುಡವ್ವ. ಅದು ಅಮ್ಮ ಅಂತ ನಂಗೇನ್ ಗೊತ್ತಿತ್ತು? ಮೊದ್ಲು ಮಗೀನ್ ಬಾಯಿಗೆ ತೀರ್ತ ಬೀಳ್ಬೇಕು. ಅಜ್ಜಿ ನೀನೇ ತತ್ತಾ."

ಕರಿಯಮ್ಮ ಹೂಂ ಎಂದಳು. ಆ ದಿನ ಹಿತ್ತಾಳೆ ಚೊಂಬಿಗೆ ಬಟ್ಟೆ ಕಟ್ಟಿ, ಎದೆಗೊತ್ತಿಕೊಂಡು ನಮ್ಮ ಜೊತೆ ಹೊರಟಳು. ತೊಟ್ಟಿಲ ಮುಂದೆ ಬೊಮ್ಮಮ್ಮ ಬಟ್ಟೆ ಬಿಚ್ಚಿದಳು. ಬಗ್ಗಿ ನೋಡಿದಳು.

"ಇದೇನವ್ವ, ಚೊಂಬಿನ ತಳ ಕಾಣ್ತದೆ?"

"ನೀರಂದ್ಮೇಲೆ ತಳ ಕಾಣ್ಬೇಕು ಕಣವ್ವ."

"ನೀರು ಯಾರ್ ಕೇಳಿದ್ರು? ನಾನು ತೀರ್ತ ಕೇಳ್ದೆ."

"ತಾಳಮಲೆ ಒರತೆದು. ಜವರ ನಸುಕಲ್ಲೆದ್ದು ಓಗಿ ತಂದ. ಮಗೀಗೆ ಅಂತ."

ಸ್ವಂತ ಅಜ್ಜಿಯೇ ಸುಳ್ಳು ತೀರ್ಥ ತಂದಳಲ್ಲ ಎಂದು ಹಿಂದುಗಡೆ ಒಬ್ಬರು ಪಿಸುಗುಟ್ಟಿದರು. ಪುಟ್ಟಿ ತಲೆ ತಗ್ಗಿಸಿದಳು. ಪುಟ್ಟನಂಜಮ್ಮ ಮುನ್ನೆಚ್ಚರಿಕೆಯ ಹೆಂಗಸು; ಮಡಿಲಿನಿಂದ ಒಂದು ಸೀಸೆ ತೆಗೆದರು. ಅದರಲ್ಲಿದ್ದದ್ದು ಬೆಳ್ಳಗಿತ್ತು. ಎಲ್ಲರೂ ಕಣ್ಣಿಗೊತ್ತಿಕೊಂಡರು.

ಇದ್ದವರಲ್ಲಿ ಹಿರಿಯ ನಾನು ಎಂದು, ಮಗುವಿನ ಬಾಯಿಗೆ ಹಾಲು ಹಾಕುವ ಒಳಲೆಯಲ್ಲಿ ತೀರ್ಥ ತುಂಬಿ ನನ್ನ ಕೈಗೆ ಕೊಟ್ಟರು. ಹಾಕಿದೆ. ಮಗು ಮುಖ ಕಿವಿಚಿತು. ಅಮ್ಮ ಮುಟ್ಟವ್ಳೆ ನೋಡಿ, ಎಂದು ನಕ್ಕರು. ಆಗ ಕರಿಯಮ್ಮ ಯಾರನ್ನೂ ಕೇಳದೆ ಮಗುವನ್ನು ಎತ್ತಿಕೊಂಡು, ಸೆರಗಿನ ತುದಿ ಬೆರಳಿಗೆ ಸುತ್ತಿ, ಅದರ ನಾಲಗೆ ಒರೆಸಿದಳು. ತಿರುಗಿಸಿ ಇನ್ನೊಮ್ಮೆ ಒರೆಸಿದಳು. ಮಗುವನ್ನು ಪುಟ್ಟಿಯ ತೊಡೆಯ ಮೇಲಿಟ್ಟು, ಚೊಂಬು ತೆಗೆದುಕೊಂಡು ಹೊರಗೆ ಹೋದಳು. ಒರತೆಯ ನೀರಿನಲ್ಲಿ ಸೆರಗು ತೊಳೆಯುತ್ತ ಕೂತಿದ್ದುದು ಒಳಗಿಂದ ನನಗೆ ಕಾಣುತ್ತಿತ್ತು.

ಇದು ಮುಂದೆ ಬೇರೆಯವರಿ​ಗೆ ಮೇಲ್ಪಂಕ್ತಿಯಾಗಬಾರದೆಂದು ಮುಂದಿನ ಸೋಮವಾರ ಊರಿನವರು ಸೇರಿದೆವು. ಮಂಡಳಿಯ ಒಪ್ಪಿಗೆಯೂ ಬಂತು. "೪. ತೀರ್ಥ ಪಡೆದ ಮೇಲೆ ಬಾಯಿ ಒರೆಸತಕ್ಕದ್ದಲ್ಲ" ಎಂದು ಹಲಗೆಯ ಮೇಲೆ ನಾನೇ ಬರೆದೆ. ಒಬ್ಬರೂ ಬೇಡವೆನ್ನಲಿಲ್ಲ. ಕರಿಯಮ್ಮನೂ ಎನ್ನಲಿಲ್ಲ, ಆಕೆಯನ್ನು ಕೇಳಿರಲಿಲ್ಲ.

ಓದಿದವರು, ಕೇಳಿದವರು ಇದನ್ನು ಇನ್ನೊಬ್ಬರಿಗೆ ಹೇಳಬೇಕಾಗಿ ಬೇಡಿಕೊಳ್ಳುತ್ತೇನೆ. ಹೇಳಬಾರದು ಎಂಬ ನಿಯಮ ಹಲಗೆಯ ಮೇಲೆ ಇನ್ನೂ ಇಲ್ಲ. ಕೆಳಗೆ ಒಂದು ಗೆರೆ ಬರೆಯುವಷ್ಟು ಜಾಗ ಉಳಿದಿದೆ. ನನ್ನನ್ನು ಬರೆಯಲು ಕರೆಯುವುದರೊಳಗೆ ಹೇಳಿಬಿಡಿ.